ಸಿಂಗಪುರದಲ್ಲಿ ಹನ್ನೆರಡು ಗಂಟೆ ಹತ್ತಿರ ಲೇಓವರ್, ಜೊತೆಗೆ ಅಪ್ಪ ಅಮ್ಮ: ಹೊರಗೆ ಹೋಗಬಹುದಾ?

ಸಾಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ, ಅಮ್ಮನನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೊರಟಿದ್ದೇನೆ, ತಮ್ಮನ ಮನೆಗೆ. ಬೆಂಗಳೂರಿನಿಂದ ರಾತ್ರಿ ವಿಮಾನ, ಬೆಳಗ್ಗೆ 7ಕ್ಕೆ ಸಿಂಗಪುರ. ಅಲ್ಲಿಂದ ಮುಂದಿನದು ಸಂಜೆ 6:45ಕ್ಕೆ. ಮೂವರದ್ದೂ ಒಂದೇ ಪಿಎನ್‌ಆರ್, ಆಸ್ಟ್ರೇಲಿಯಾ ವೀಸಾ ಬಂದಿದೆ.

ಅಪ್ಪನಿಗೆ 71. ಅಡಿಕೆ ತೋಟದವರು, ನಡೆಯೋದರಲ್ಲಿ ನನ್ನನ್ನೇ ಹಿಂದೆ ಹಾಕುತ್ತಾರೆ. ಅಮ್ಮನಿಗೆ ಮಂಡಿ ನೋವು, ವೀಲ್‌ಚೇರ್ ಹೇಳಿದ್ದೇವೆ. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ನಮ್ಮಲ್ಲಿ ಯಾರೂ ಸಿಂಗಪುರ ನೋಡಿಲ್ಲ.

ತಮ್ಮ "ಸುಮ್ನೆ ಏರ್‌ಪೋರ್ಟ್‌ನಲ್ಲೇ ಕೂತಿರಿ" ಅಂತಾನೆ. ಅಪ್ಪ ಆಗಲೇ ಮೊಬೈಲ್‌ನಲ್ಲಿ ಮ್ಯಾಪ್ ತೆಗೆದು ಕೂತಿದ್ದಾರೆ. ಏನು ಮಾಡಲಿ?

ಹಳೇ ಪಾಸ್‌ಪೋರ್ಟ್:
ಮೊದಲು ವೀಸಾ ವಿಷಯ ಮುಗಿಸಿಬಿಡೋಣ, ಅದು ಇತ್ಯರ್ಥವಾಗದೆ ಉಳಿದ ಮಾತೆಲ್ಲ ದಂಡ.

ಭಾರತದ ಪಾಸ್‌ಪೋರ್ಟ್‌ಗೆ ಸಿಂಗಪುರಕ್ಕೆ ವೀಸಾ ಬೇಕು. ಆದರೆ ಅದೇ ದಾರಿಯಾಗಿ ಬೇರೆ ದೇಶಕ್ಕೆ ಹೋಗುವವರಿಗೆ 96 ಗಂಟೆ ವೀಸಾ ಇಲ್ಲದೆ ಹೊರಗೆ ಓಡಾಡುವ ರಿಯಾಯಿತಿ ಇದೆ. ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ಜಪಾನ್, ನ್ಯೂಜಿಲೆಂಡ್, ಸ್ವಿಟ್ಜರ್ಲೆಂಡ್, ಬ್ರಿಟನ್, ಅಮೆರಿಕ. ಇವುಗಳಲ್ಲಿ ಒಂದು ದೇಶದ ವೀಸಾ ಇರಬೇಕು. ಸಿಂಗಪುರದಲ್ಲಿ ಇಳಿದ ದಿನದಿಂದ ಕನಿಷ್ಠ ಒಂದು ತಿಂಗಳು ಆ ವೀಸಾ ಚಾಲ್ತಿಯಲ್ಲಿರಬೇಕು. ಮುಂದಿನ ಪ್ರಯಾಣದ ಟಿಕೆಟ್ ಪಕ್ಕಾ ಆಗಿರಬೇಕು. ನಿಮಗೆ ಇವೆಲ್ಲ ಇವೆ. ಆದರೂ ಬಿಡೋದು ಬಿಡದೇ ಇರೋದು ಕೌಂಟರ್‌ನಲ್ಲಿ ಕೂತ ಅಧಿಕಾರಿಗೆ ಸೇರಿದ್ದು. ಆಸ್ಟ್ರೇಲಿಯಾ ವೀಸಾ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರಲ್ಲ, ಇಮೇಲ್‌ನಲ್ಲಿ ಬಂದಿರುತ್ತದೆ. ಅದನ್ನು ಪ್ರಿಂಟ್ ಮಾಡಿ ಮೂವರದ್ದೂ ಬೇರೆ ಬೇರೆ ಫೈಲ್‌ನಲ್ಲಿ ಇಡಿ. ಕೌಂಟರ್ ಎದುರು ನಿಂತು ಮೊಬೈಲ್‌ನಲ್ಲಿ ಇಮೇಲ್ ಹುಡುಕೋದು ಬೇಡ.

ಇನ್ನೊಂದು, ಸಿಂಗಪುರದ ಅರೈವಲ್ ಕಾರ್ಡ್. ಆನ್‌ಲೈನ್‌ನಲ್ಲಿ ತುಂಬಬೇಕು, ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ. ಟ್ರಾನ್ಸಿಟ್, ಅಂದರೆ ಇಮಿಗ್ರೇಷನ್ ದಾಟದೆ ವಿಮಾನ ಬದಲಿಸುವವರ ಜಾಗ, ಅದನ್ನು ಬಿಟ್ಟು ಹೊರಗೆ ಬರದಿದ್ದರೆ ಬೇಕಾಗಿಲ್ಲ. ಅದಕ್ಕೆ ಒಂದು ಪೈಸೆಯೂ ಇಲ್ಲ. ಹುಡುಕಿದರೆ ಮೇಲೆ ಬರುವ ಕೆಲವು ಸೈಟ್‌ಗಳು ಸರ್ಕಾರಿ ಸೈಟ್ ತರಹವೇ ಕಾಣುತ್ತವೆ, ದುಡ್ಡು ಕೇಳುತ್ತವೆ. ದುಡ್ಡು ಕೇಳಿದರೆ ಅದು ಸರಿಯಾದ ಸೈಟ್ ಅಲ್ಲ ಅಂತ ತಿಳಿದುಕೊಳ್ಳಿ.

ವಾಪಸ್ ಬರುವಾಗಲೂ ಸಿಂಗಪುರದ ಮೇಲೇನಾ? ನಿಮ್ಮದು ಒಂದೇ ಸಲ ಬಳಸುವ ವೀಸಾ ಆಗಿದ್ದರೆ, ಆಸ್ಟ್ರೇಲಿಯಾದಿಂದ ನೇರವಾಗಿ ಸಿಂಗಪುರಕ್ಕೆ ಬಂದಾಗ ಮಾತ್ರ ಈ ರಿಯಾಯಿತಿ. ಮಧ್ಯೆ ಬಾಲಿ, ಬ್ಯಾಂಕಾಕ್ ಅಂತ ಇಳಿದು ಬಂದರೆ ಇಲ್ಲ.

ಅರಳಿಕಟ್ಟೆ:
ಹನ್ನೆರಡು ಗಂಟೆ ಅಂತ ಹೇಳಬೇಡಿ ಅಕ್ಕ. ಕೈಗೆ ಸಿಗೋದು ಅಷ್ಟಲ್ಲ. ಹಿಂದಿನಿಂದ ಲೆಕ್ಕ ಹಾಕಿ.

ವಿಮಾನ 6:45ಕ್ಕೆ. ಐದೂವರೆಗೆಲ್ಲ ಗೇಟ್ ಹತ್ತಿರ ಇರಬೇಕು. ಯಾಕೆ ಅಂದರೆ ಸಿಂಗಪುರದ ಚಾಂಗಿ ಏರ್‌ಪೋರ್ಟ್‌ನಲ್ಲಿ ಟರ್ಮಿನಲ್ 1, 2, 3ರಲ್ಲಿ ಸೆಕ್ಯೂರಿಟಿ ತಪಾಸಣೆ ಇರೋದು ಗೇಟ್ ಬಾಗಿಲಲ್ಲಿ. ನಮ್ಮ ದೇವನಹಳ್ಳಿ ತರಹ ಮೊದಲೇ ಮುಗಿಸಿ ಒಳಗೆ ಆರಾಮಾಗಿ ಕೂರೋದಲ್ಲ. ಬೋರ್ಡಿಂಗ್ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬ್ಯಾಗ್ ಬಿಚ್ಚುತ್ತಿರುತ್ತಾರೆ. ಕುಡಿಯೋ ನೀರಿನ ಬಾಟಲಿಯನ್ನು ಅಲ್ಲೇ ಖಾಲಿ ಮಾಡಿಸುತ್ತಾರೆ, ಬಾಟಲಿ ಮಾತ್ರ ಒಳಗೆ ತಗೊಂಡು ಹೋಗಬಹುದು. ಒಳಗೆ ನೀರು ಸಿಗುತ್ತದೆ. ಟರ್ಮಿನಲ್ 4 ಬೇರೆ ತರಹ, ಅಲ್ಲಿ ತಪಾಸಣೆ ಮೊದಲೇ ಒಂದು ಕಡೆ.

ಇಮಿಗ್ರೇಷನ್ ಒಳಗೆ ನಾಲ್ಕಕ್ಕೆಲ್ಲ ಬಂದುಬಿಡಿ. ಊರಿನಿಂದ ಮೂರಕ್ಕೆ ಹೊರಡಬೇಕು. ಬೆಳಗ್ಗೆ 7ಕ್ಕೆ ಇಳಿದರೆ ಹೊರಗೆ ಕಾಲಿಡುವಾಗ ಎಂಟೂವರೆ. ಊರು ತಲುಪುವಾಗ ಒಂಬತ್ತೂ ಕಾಲು. ಅಲ್ಲಿಗೆ ಊರಿನಲ್ಲಿ ಸಿಕ್ಕಿದ್ದು ಐದೂವರೆ, ಆರು ಗಂಟೆ. ಅದರಲ್ಲಿ ಊಟ, ಟಾಯ್ಲೆಟ್, ಅಮ್ಮ ಕೂತು ಸುಧಾರಿಸಿಕೊಳ್ಳೋದು. ಎರಡು ಜಾಗ ನೋಡಬಹುದು. ಮೂರನೆಯದು ದುರಾಸೆ.

ಗಡಿಯಾರದ ವಿಷಯ ಮರೆಯಬೇಡಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಮೊಬೈಲ್ ತಾನೇ ಬದಲಾಗುತ್ತೆ, ಅಪ್ಪನ ಕೈಗಡಿಯಾರ ಬದಲಾಗಲ್ಲ. "ಇನ್ನೂ ಹನ್ನೆರಡೂವರೆ ಅಷ್ಟೇ" ಅಂತ ಅವರು ನಿಧಾನಕ್ಕೆ ಕಾಫಿ ಕುಡಿಯುತ್ತಿದ್ದರೆ ಅಲ್ಲಿ ಮೂರಾಗಿರುತ್ತದೆ. ವಿಮಾನದಲ್ಲೇ ಮುಳ್ಳು ತಿರುಗಿಸಿಕೊಡಿ.

ಕಡಲೂರ ಮಾಣಿ:
ನಾನು ತಮ್ಮನ ಪಕ್ಷ. ರಾತ್ರಿಯಿಡೀ ನಾಲ್ಕೂವರೆ ಗಂಟೆ ಸೀಟಿನಲ್ಲಿ ಕೂತು ಬಂದವರು, ನಿದ್ದೆ ಇಲ್ಲ, ಕಾಲು ಬಾತಿರುತ್ತೆ. ಹೊರಗೆ ಬಂದರೆ ಸಮಭಾಜಕದ ಬಿಸಿಲು, ಬೆವರು. ಮಳೆ ಯಾವಾಗ ಹೊಡೆಯುತ್ತೆ ಅಂತ ಹೇಳೋಕಾಗಲ್ಲ. ಯಾಕೆ ಮಾರಾಯ್ರೆ ಈ ಶಿಕ್ಷೆ?

ಚಾಂಗಿ ಒಳಗೇ ಒಂದು ದಿನಕ್ಕೆ ಆಗುವಷ್ಟಿದೆ. ಟಿ3ಯಲ್ಲಿ ಚಿಟ್ಟೆ ತೋಟ ಇದೆ, ನಿಜವಾದ ಚಿಟ್ಟೆಗಳು, ಅನಾನಸ್ ಹೋಳಿನ ಮೇಲೆ ಕೂತು ರಸ ಹೀರುತ್ತಿರುತ್ತವೆ. ಟಿ1ರಲ್ಲಿ ಪಾಪಾಸುಕಳ್ಳಿ ತೋಟ, ಟಿ2ರಲ್ಲಿ ಸೂರ್ಯಕಾಂತಿ. ಸಿನಿಮಾ ಪುಕ್ಕಟೆ. ಕಾಲು ಒತ್ತುವ ಮೆಷಿನ್ ಪುಕ್ಕಟೆ. ಮಲಗೋಕೆ ಒರಗು ಕುರ್ಚಿಗಳಿವೆ. ದುಡ್ಡು ಕೊಟ್ಟರೆ ಗಂಟೆ ಲೆಕ್ಕದ ಹೋಟೆಲ್ ರೂಮು ಟ್ರಾನ್ಸಿಟ್ ಒಳಗೇ ಸಿಗುತ್ತದೆ, ಇಮಿಗ್ರೇಷನ್ ದಾಟೋದೇ ಬೇಡ. ಮೊದಲೇ ಬುಕ್ ಮಾಡಬೇಕು, ಬೆಳಗಿನ ಹೊತ್ತು ಬೇಗ ತುಂಬಿಬಿಡುತ್ತವೆ.

ಏರ್‌ಪೋರ್ಟ್‌ಗೆ ಅಂಟಿಕೊಂಡಿರುವ ಜ್ಯೂವೆಲ್ ಮಾಲ್‌ನ ಜಲಪಾತ ನೋಡಲೇಬೇಕು ಅಂದರೂ ಹೊರಗೆ ಹೋಗಬೇಕಿಲ್ಲ. ಟಿ2, ಟಿ3 ಮಧ್ಯೆ ಓಡುವ ಸ್ಕೈಟ್ರೈನ್ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಟ್ರಾನ್ಸಿಟ್‌ನವರ ಬೋಗಿಯಿಂದಲೂ ಕಾಣುತ್ತೆ. ನಾನು ಅದರಲ್ಲೇ ಆ ಕಡೆ ಈ ಕಡೆ ಓಡಾಡಿ ನೋಡಿದ್ದೇನೆ, ಯಾರೂ ಕೇಳಲಿಲ್ಲ.

ಅರಳಿಕಟ್ಟೆ:
ಮಾಣಿ, ರೈಲಿನಿಂದ ಜಲಪಾತ ನೋಡಿ ಸಿಂಗಪುರ ನೋಡಿದೆ ಅನ್ನೋದಾ? 😄

ಕಡಲೂರ ಮಾಣಿ:
ಸಿಂಗಪುರ ನೋಡಿದೆ ಅಂತ ಎಲ್ಲಿ ಹೇಳಿದೆ? ಆರಾಮಾಗಿ ಮೆಲ್ಬರ್ನ್ ತಲುಪಿದೆ ಅಂದೆ.

ಬೆಡಾಕ್ ಬಾಲ್ಕನಿ:
ಇಲ್ಲೇ ಇರುವವಳು ನಾನು, ಏರ್‌ಪೋರ್ಟ್‌ನಿಂದ ಹತ್ತು ನಿಮಿಷದ ದಾರಿ. ಊರಿನಿಂದ ಬಂದವರನ್ನು ಲೇಓವರ್‌ನಲ್ಲಿ ಸುತ್ತಾಡಿಸೋದು ಇಲ್ಲಿನ ಕನ್ನಡದವರಿಗೆ ಒಂದು ಕಾಯಂ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಎಲ್ಲರೂ ಮರೀನಾ ಬೇ ಅಂತ ಓಡುತ್ತಾರೆ. ಸಂಜೆ ಹೊತ್ತಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಗಾರ್ಡನ್ಸ್ ಬೈ ದ ಬೇಯಲ್ಲಿ ಆ ದೊಡ್ಡ ಕಬ್ಬಿಣದ ಮರಗಳ ದೀಪದ ಆಟ 7:45ಕ್ಕೆ ಮತ್ತು 8:45ಕ್ಕೆ. ಆಗ ನೀವು ಆಕಾಶದಲ್ಲಿರುತ್ತೀರಿ. ಹಗಲು ಹತ್ತು ಗಂಟೆಯ ಬಿಸಿಲಿನಲ್ಲಿ ಅಲ್ಲಿ ಕಾಂಕ್ರೀಟ್ ಮೇಲೆ ಅಮ್ಮನನ್ನು ನಡೆಸಬೇಡಿ. ಗಾಜಿನ ಮನೆಗಳ ಒಳಗೆ ತಂಪಿದೆ, ಟಿಕೆಟ್ ದುಬಾರಿ.

ಅಪ್ಪ ತೋಟದವರು ಅಂದಿರಲ್ಲ. ಅವರನ್ನು ಬೊಟಾನಿಕ್ ಗಾರ್ಡನ್ಸ್‌ಗೆ ಕರೆದುಕೊಂಡು ಹೋಗಿ. 1859ರ ತೋಟ, 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬೆಳಗ್ಗೆ 5ರಿಂದ ನಡುರಾತ್ರಿವರೆಗೆ ತೆರೆದಿರುತ್ತೆ, ಪ್ರವೇಶ ಪುಕ್ಕಟೆ. ನಮ್ಮ ಕಡೆ ರಬ್ಬರ್ ತೋಟ ಇದೆಯಲ್ಲ, ಅದರ ಕಥೆಗೂ ಈ ತೋಟಕ್ಕೂ ನಂಟಿದೆ. 1877ರಲ್ಲಿ ಲಂಡನ್‌ನ ಕ್ಯೂ ತೋಟದಿಂದ ಸಸಿಗಳು ಇಲ್ಲಿಗೆ ಬಂದವು. ಆಮೇಲೆ ತೋಟದ ಮೊದಲ ನಿರ್ದೇಶಕನಾಗಿ ಬಂದ ಹೆನ್ರಿ ರಿಡ್ಲಿ, ಮರ ಸಾಯದಂತೆ ತೊಗಟೆ ಕೆತ್ತಿ ಹಾಲು ತೆಗೆಯುವ ವಿಧಾನವನ್ನು ಇಲ್ಲೇ ರೂಢಿಗೆ ತಂದ. ಮಲಯದ ರಬ್ಬರ್ ತೋಟಗಳೆಲ್ಲ ಅದರ ಮೇಲೆ ಎದ್ದವು. ನಮ್ಮ ಮಾವನವರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಪಾಮ್ ವ್ಯಾಲಿಯಲ್ಲಿ ನಿಂತು ಒಂದೊಂದು ತಾಳೆ ಜಾತಿಯ ಗೊನೆಯನ್ನೂ ಕತ್ತೆತ್ತಿ ನೋಡಿ, "ಇದಕ್ಕೆ ಕೊಳೆರೋಗ ಬರಲ್ವಾ?" ಅಂತ ಕೇಳಿದರು. ಕೆಲಸದವನಿಗೆ ತಮಿಳು ಬರುತ್ತಿತ್ತು, ಇವರಿಗೆ ಬರುತ್ತಿರಲಿಲ್ಲ. ಇಬ್ಬರೂ ಕೈಸನ್ನೆಯಲ್ಲೇ ಬೋರ್ಡೋ ದ್ರಾವಣದವರೆಗೆ ಹೋದರು. ಎಬ್ಬಿಸಿಕೊಂಡು ಬರುವಷ್ಟರಲ್ಲಿ ನನಗೆ ಸಾಕಾಯಿತು.

ಅಮ್ಮನಿಗೆ ಆರ್ಕಿಡ್ ತೋಟ. ಅದು ಒಳಗೇ ಇದೆ, ಅದಕ್ಕೆ ಮಾತ್ರ ಟಿಕೆಟ್, ಬೆಳಗ್ಗೆ ಎಂಟೂವರೆಗೆ ತೆರೆಯುತ್ತಾರೆ. ಟ್ಯಾಕ್ಸಿಯವನಿಗೆ ನಾಸಿಮ್ ಗೇಟ್ ಅನ್ನಿ. ಬೇರೆ ಗೇಟ್‌ಗಳಿಂದ ನಡಿಗೆ ಜಾಸ್ತಿ.

ಅಲ್ಲಿ ಹನ್ನೊಂದರವರೆಗೆ. ಆಮೇಲೆ ಲಿಟಲ್ ಇಂಡಿಯಾ. ಮೆಟ್ರೊಗೆ ಇಲ್ಲಿ ಎಂಆರ್‌ಟಿ ಅಂತಾರೆ. ಬೊಟಾನಿಕ್ ಗಾರ್ಡನ್ಸ್ ಸ್ಟೇಷನ್ ತೋಟದ ಇನ್ನೊಂದು ತುದಿಯಲ್ಲಿದೆ, ಅಮ್ಮ ಅಲ್ಲಿವರೆಗೆ ನಡೆಯೋದು ಬೇಡ. ಟ್ಯಾಕ್ಸಿಯಲ್ಲೇ ಹೋಗಿ. ನೀವೂ ಅಪ್ಪನೂ ಮಾತ್ರ ಆದರೆ ನೀಲಿ ಲೈನ್‌ನಲ್ಲಿ ಸ್ಟೀವನ್ಸ್, ನ್ಯೂಟನ್, ಲಿಟಲ್ ಇಂಡಿಯಾ. ಮೂರನೇ ಸ್ಟೇಷನ್.

ಸೆರಂಗೂನ್ ರಸ್ತೆಯಲ್ಲಿ ವೀರಮಾಕಾಳಿಯಮ್ಮನ ದೇವಸ್ಥಾನ ಇದೆ. ಹನ್ನೆರಡರ ಒಳಗೆ ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಅದೇ ರಸ್ತೆಯಲ್ಲಿ ಕೋಮಳ ವಿಲಾಸ್, 1947ರಿಂದ ಇದೆ, ಪೂರ್ತಿ ಸಸ್ಯಾಹಾರಿ. ಊಟ ಮಾಡಿ, ಟೆಕ್ಕಾ ಸೆಂಟರ್ ಕೆಳಗೆ ಹೂವಿನ ಅಂಗಡಿ, ತರಕಾರಿ ಅಂಗಡಿ ಒಂದು ಸುತ್ತು. ಒಂದೂವರೆಗೆ ಟ್ಯಾಕ್ಸಿ ಹತ್ತಿ ಸೀದಾ ಜ್ಯೂವೆಲ್.

ಜ್ಯೂವೆಲ್ ಟಿ1ಕ್ಕೆ ಅಂಟಿಕೊಂಡೇ ಇದೆ, ಆದರೆ ಇಮಿಗ್ರೇಷನ್ ಹೊರಗೆ. 40 ಮೀಟರ್ ಎತ್ತರದಿಂದ ಗಾಜಿನ ಗೋಪುರದ ನಡುವೆ ನೀರು ಬೀಳುತ್ತೆ. ನೀವು ಹೊರಗೆ ಬಂದ ಕೂಡಲೇ ಅಲ್ಲಿಗೆ ಹೋಗಬೇಡಿ. ಅಷ್ಟು ಬೆಳಗ್ಗೆ ನೀರೇ ಬಿಟ್ಟಿರುವುದಿಲ್ಲ, ಹತ್ತು ಹನ್ನೊಂದರ ಮೇಲೆ ಶುರು. ತುಂಬ ಜನ ಬೆಳಗ್ಗೆ ಎಂಟಕ್ಕೆ ಬಂದು ಖಾಲಿ ತೂತು ನೋಡಿಕೊಂಡು ಹೋಗುತ್ತಾರೆ.

ಗೊಜ್ಜವಲಕ್ಕಿ:
ಸಿಂಗಪುರಕ್ಕೆ ಹೋಗಿ ಇಡ್ಲಿ ದೋಸೆ ತಿನ್ನೋದಾ ಅಕ್ಕ? ಅದಕ್ಕೆ ಶಿವಮೊಗ್ಗ ಬಸ್‌ಸ್ಟ್ಯಾಂಡೇ ಸಾಕಿತ್ತಲ್ಲ. ಹಾಕರ್ ಸೆಂಟರ್‌ಗೆ ಕರೆದುಕೊಂಡು ಹೋಗಿ, ತಿಂಡಿ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುತ್ತವಲ್ಲ, ಅಲ್ಲಿಗೆ! 2020ರಲ್ಲಿ ಅದೂ ಯುನೆಸ್ಕೊ ಪಟ್ಟಿಗೆ ಸೇರಿದೆ.

ಬೆಡಾಕ್ ಬಾಲ್ಕನಿ:
ನಿಮ್ಮನ್ನಾದರೆ ಕರೆದುಕೊಂಡು ಹೋಗುತ್ತೇನೆ. ಮೊಟ್ಟೆ ಮುಟ್ಟದ 70 ವರ್ಷದವರನ್ನು ಅಲ್ಲಿ ಕೂರಿಸಿದರೆ ಪಕ್ಕದ ಅಂಗಡಿಯಲ್ಲಿ ನೇತುಹಾಕಿದ ಬಾತುಕೋಳಿ ನೋಡಿಯೇ ಎದ್ದುಬಿಡುತ್ತಾರೆ.

ಆದರೂ ಅಪ್ಪನಿಗೆ ಕುತೂಹಲ ಇದ್ದರೆ ಒಂದು ದಾರಿ ಇದೆ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು ಹಾಕರ್ ಸೆಂಟರ್‌ಗಳಲ್ಲಿ ಇರುತ್ತವೆ. ಸಾಮಾನ್ಯವಾಗಿ ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಹಾಕಲ್ಲ. ನಮ್ಮ ಮಡಿಯ ಅಜ್ಜಿಯೊಬ್ಬರು ಇದನ್ನು ಕೇಳಿ "ಹಾಗಾದ್ರೆ ಅವರು ನಮಗಿಂತ ಮೇಲು" ಅಂದಿದ್ದರು. ಆದರೆ ಸೋಯಾದಿಂದ ಮಾಡಿದ ಮಾಂಸದ ತರಹದ ಪದಾರ್ಥ ಇರುತ್ತದೆ. ನೋಡೋಕೆ ಥೇಟ್ ಮಾಂಸವೇ. ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ತಟ್ಟೆ ನೂಕುತ್ತಾರೆ. ಮಾಮೂಲಿ ಅಂಗಡಿಯಲ್ಲಿ "ವೆಜ್ ನೂಡಲ್ಸ್" ಕೇಳಬೇಡಿ, ಆಯ್‌ಸ್ಟರ್ ಸಾಸ್, ಅಂದರೆ ಚಿಪ್ಪುಮೀನಿನ ಸಾಸ್, ಬಿದ್ದಿರುತ್ತೆ.

ಕಾಯಾ ಟೋಸ್ಟ್ ಅಂತ ಎಲ್ಲ ಕಡೆ ಸಿಗುತ್ತದೆ, ಕಾಫಿ ಜೊತೆ. ನೋಡಿದರೆ ತೆಂಗಿನಕಾಯಿ ಜಾಮ್. ಅದರಲ್ಲಿ ಮೊಟ್ಟೆ ಇದೆ. ಇದನ್ನು ಯಾರೂ ಹೇಳಲ್ಲ. ಕಾಫಿ ಮಾತ್ರ ಕುಡಿಯಿರಿ. ಸುಮ್ನೆ ಕೋಪಿ ಅಂದರೆ ಮಂದ ಸಿಹಿ ಹಾಲು ಹಾಕಿ ಕೊಡುತ್ತಾರೆ. ಹಾಲು ಬೇಡದವರು ಕೋಪಿ ಓ ಅನ್ನಬೇಕು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ಕೋಪಿ ಓ ಕೋಸೋಂಗ್, ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ತಿಂದ ಮೇಲೆ ಟ್ರೇ ನೀವೇ ಎತ್ತಿಡಬೇಕು, ಅದು ಈಗ ಕಾನೂನು.

ಮಂಡಿಪೇಟೆ ಮಗ:
ವೀಲ್‌ಚೇರ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ವೀಲ್‌ಚೇರ್ ಹೇಳಿದರೆ ಸಹಾಯದವರು ವಿಮಾನದ ಬಾಗಿಲಿಗೇ ಬಂದು ಕೂರಿಸಿಕೊಂಡು ಹೋಗುತ್ತಾರೆ. ಒಳ್ಳೇದೇ. ಆದರೆ ಲೇಓವರ್ ಉದ್ದ ಇದ್ದರೆ ಅವರು ಒಂದು ಕಡೆ ಕುರ್ಚಿಗಳ ಸಾಲಿನಲ್ಲಿ ಬಿಟ್ಟು, "ಬೋರ್ಡಿಂಗ್ ಹೊತ್ತಿಗೆ ಬರುತ್ತೇವೆ" ಅಂತ ಹೋಗಿಬಿಡುತ್ತಾರೆ. ನಮ್ಮ ಅತ್ತೆಯನ್ನು ಒಂದು ಏರ್‌ಪೋರ್ಟ್‌ನಲ್ಲಿ ಹೀಗೇ ಬಿಟ್ಟಿದ್ದರು. ಊರು ಬೇಡ, ಯಾವುದು ಅಂತ ಹೇಳಲ್ಲ. ಜೊತೆಗೆ ಯಾರೂ ಇರಲಿಲ್ಲ. ಟಾಯ್ಲೆಟ್‌ಗೆ ಎದ್ದು ಹೋದರೆ ಕರೆಯೋಕೆ ಬಂದವರು ಹುಡುಕಿ ವಾಪಸ್ ಹೋಗುತ್ತಾರೇನೋ ಅಂತ ಗಂಟೆಗಟ್ಟಲೆ ತಡೆದುಕೊಂಡು ಕೂತಿದ್ದರಂತೆ.

ನೀವು ಜೊತೆಗೇ ಇದ್ದೀರಿ, ಆ ಭಯ ಇಲ್ಲ. ಇಳಿದ ತಕ್ಷಣ ಸಹಾಯದವರಿಗೆ "ನಾವು ಹೊರಗೆ ಹೋಗುತ್ತೇವೆ, ಇಮಿಗ್ರೇಷನ್ ಕಡೆ ಕರೆದುಕೊಂಡು ಹೋಗಿ" ಅನ್ನಿ. ಸಂಜೆ ಎಲ್ಲಿ, ಎಷ್ಟು ಹೊತ್ತಿಗೆ ಮತ್ತೆ ಸಿಗುತ್ತಾರೆ ಅಂತ ಅವರಿಂದಲೇ ಬರೆಸಿಕೊಳ್ಳಿ. ಏರ್‌ಪೋರ್ಟ್‌ನ ಗಾಲಿಕುರ್ಚಿ ಊರಿಗೆ ಬರಲ್ಲ. ಊರಿನಲ್ಲಿ ಅಮ್ಮ ನಡೆಯಲೇಬೇಕು. ಮಡಚುವ ಊರುಗೋಲು ಇದ್ದರೆ ಹ್ಯಾಂಡ್ ಬ್ಯಾಗ್‌ನಲ್ಲಿ ಇಡಿ.

ಮಾತ್ರೆ ಎಲ್ಲ ಕೈಚೀಲದಲ್ಲಿ. ಬಿಪಿ, ಶುಗರ್ ಮಾತ್ರೆ ದೊಡ್ಡ ಸೂಟ್‌ಕೇಸ್‌ನಲ್ಲಿ ಹಾಕಿದರೆ ಅದು ಸೀದಾ ಮೆಲ್ಬರ್ನ್‌ಗೆ ಹೋಗುತ್ತೆ.

ಸಾಗರದ ಹುಡುಗಿ:
ಎಷ್ಟೊಂದು ವಿಷಯ ಹೇಳಿದಿರಿ! ಅಪ್ಪನಿಗೆ ಬೊಟಾನಿಕ್ ಗಾರ್ಡನ್ಸ್ ಓದಿ ಹೇಳಿದೆ. ರಬ್ಬರ್ ಕಥೆ ಕೇಳಿ ಮ್ಯಾಪ್ ಮಡಚಿಟ್ಟರು, ಅದೇ ಆಗಬೇಕಂತೆ.

ಕೆಲವು ಅನುಮಾನ. ಸೂಟ್‌ಕೇಸ್ ಸಿಂಗಪುರದಲ್ಲಿ ತೆಗೆದುಕೊಳ್ಳಬೇಕಾ? ಕೈಚೀಲಗಳನ್ನು ಎಲ್ಲಿ ಇಡೋದು? ಅಮ್ಮನ ಚೀಲದಲ್ಲಿ ಚಟ್ನಿಪುಡಿ, ಅಪ್ಪೆಮಿಡಿ, ಹಬ್ಬಕ್ಕೆ ಪಾಯಸ ಮಾಡೋಕೆ ಅಂತ ಗಸಗಸೆ ಎಲ್ಲ ಇರುತ್ತೆ. ಅಪ್ಪನದು ಕವಳದ ಸಂಚಿ. ಅದು ಬಿಟ್ಟು ಅವರು ಹೊಸಿಲು ದಾಟಲ್ಲ.

ಹಳೇ ಪಾಸ್‌ಪೋರ್ಟ್:
ಗಸಗಸೆ ಬೇಡ!! ಈಗಲೇ ತೆಗೆದಿಡಿ. ಸಿಂಗಪುರದಲ್ಲಿ ಗಸಗಸೆ ನಿಷೇಧಿತ ವಸ್ತು. ಅಫೀಮಿನ ಗಿಡದ ಬೀಜ ಅಲ್ವಾ, ಮಾರ್ಫಿನ್ ಅಂಶ ಇರಬಹುದು ಅಂತ. ದುಬೈ ಕಡೆಯೂ ಹೀಗೇ. ಸಿಂಗಪುರದ ಡ್ರಗ್ಸ್ ಕಾನೂನು ಗೊತ್ತಲ್ಲ, ಪಾಯಸಕ್ಕೆ ಅಂತ ವಿವರಿಸುವ ಪರಿಸ್ಥಿತಿಯೇ ಬರಬಾರದು.

ಕವಳದ ಸಂಚಿಯಲ್ಲಿ ಹೊಗೆಸೊಪ್ಪು ಇದ್ದರೆ ಅದೂ ಇಲ್ಲ. ಅಗಿಯುವ ತಂಬಾಕು, ಗುಟ್ಕಾ ಎಲ್ಲ ಅಲ್ಲಿ ನಿಷೇಧ. ಸಿಗರೇಟಿಗೂ ಡ್ಯೂಟಿ ಫ್ರೀ ರಿಯಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಹೇಳಿ ಸುಂಕ ಕಟ್ಟಬೇಕು. ಇ-ಸಿಗರೇಟ್ ಅಂತೂ ಮುಟ್ಟಲೇಬೇಡಿ. ಚ್ಯೂಯಿಂಗ್ ಗಮ್ ಒಳಗೆ ತರೋದು 1992ರಿಂದಲೇ ನಿಷೇಧ. ಆಸ್ಟ್ರೇಲಿಯಾ ಇನ್ನೊಂದು ಕಥೆ. ತಿನ್ನುವ ಪದಾರ್ಥ ಏನೇ ಇದ್ದರೂ ಇಳಿಯುವ ಕಾರ್ಡ್‌ನಲ್ಲಿ "ಇದೆ" ಅಂತ ಬರೆದು ತೋರಿಸಿ. ಅವರು ಬೇಡ ಅಂದರೆ ಡಬ್ಬಿಗೆ ಹಾಕುತ್ತಾರೆ ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಅಪ್ಪೆಮಿಡಿ ಹೋದರೆ ಹೋಗಲಿ.

ಅರಳಿಕಟ್ಟೆ:
ಅಪ್ಪೆಮಿಡಿ ಹೋದರೆ ಹೋಗಲಿ ಅಂದವರನ್ನು ಮಲೆನಾಡಿನವರು ಮನೆಗೆ ಸೇರಿಸಲ್ಲ ಸಾರ್.

ಸೂಟ್‌ಕೇಸ್ ವಿಷಯ: ಒಂದೇ ಪಿಎನ್‌ಆರ್ ಅಂದಿರಿ, ಹಾಗಾಗಿ ಸೀದಾ ಮೆಲ್ಬರ್ನ್‌ಗೆ ಹೋಗಬೇಕು. ಬೆಂಗಳೂರಿನ ಚೆಕ್ ಇನ್ ಕೌಂಟರ್‌ನಲ್ಲಿ ಪಟ್ಟಿ ಅಂಟಿಸುವಾಗ ಕಣ್ಣಿಟ್ಟು ನೋಡಿ. ಅದರ ಮೇಲೆ ಎಂಇಎಲ್ ಅಂತ ಇರಬೇಕು. ಎಸ್‌ಐಎನ್ ಮಾತ್ರ ಇದ್ದರೆ ಅಲ್ಲೇ ಕೇಳಿ. ಎರಡನೇ ವಿಮಾನದ ಬೋರ್ಡಿಂಗ್ ಪಾಸೂ ಅಲ್ಲೇ ತೆಗೆದುಕೊಳ್ಳಿ.

ಬೇರೆ ಬೇರೆ ಟಿಕೆಟ್ ಮಾಡಿಸಿದವರು ಈ ಮಾತನ್ನು ನಂಬಿ ಹೋಗಬೇಡಿ. ಅವರು ಹೊರಗೆ ಬಂದು, ಬ್ಯಾಗ್ ತೆಗೆದುಕೊಂಡು, ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಅದರ ಹೊಣೆ ಇರಲ್ಲ. ಎರಡು ಮೂರು ಸಾವಿರ ರೂಪಾಯಿ ಉಳಿಸೋಕೆ ಹೋಗಿ ಪೂರ್ತಿ ಟಿಕೆಟ್ ಕಳೆದುಕೊಂಡವರನ್ನು ನೋಡಿದ್ದೇನೆ.

ಬೆಡಾಕ್ ಬಾಲ್ಕನಿ:
ಕೈಚೀಲಗಳಿಗೆ ಟರ್ಮಿನಲ್‌ಗಳಲ್ಲಿ ಬ್ಯಾಗೇಜ್ ಸ್ಟೋರೇಜ್ ಕೌಂಟರ್ ಇದೆ, ದುಡ್ಡು ಕೊಟ್ಟು ಇಡಬಹುದು. ಪಾಸ್‌ಪೋರ್ಟ್, ಮಾತ್ರೆ, ಒಂದು ಛತ್ರಿ, ಇಷ್ಟು ಇಟ್ಟುಕೊಂಡು ಹೊರಡಿ. ಛತ್ರಿ ಬಿಸಿಲಿಗೂ ಬೇಕು.

ದುಡ್ಡು: ಒಂದು ಸಿಂಗಪುರ ಡಾಲರ್ ಅಂದರೆ 70 ರೂಪಾಯಿ ಆಸುಪಾಸು ಅಂತ ಇಟ್ಟುಕೊಳ್ಳಿ. ಎಂಆರ್‌ಟಿ ಗೇಟ್‌ನಲ್ಲಿ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಮುಟ್ಟಿಸಿದರೆ ಸಾಕು, ವಿದೇಶಿ ಬಳಕೆ ಆನ್ ಮಾಡಿರಬೇಕು. ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡ್‌ನಲ್ಲಿ ಮೂವರು ಹೋಗೋಕಾಗಲ್ಲ. ಟ್ಯಾಕ್ಸಿಗೆ ಏರ್‌ಪೋರ್ಟ್‌ನಿಂದ ಊರೊಳಗೆ 30 ಡಾಲರ್ ಆಸುಪಾಸು. ಬೆಳಗ್ಗೆ ಆಫೀಸ್ ಹೊತ್ತಿಗೆ ಮೇಲೆ ಸೇರಿಸುತ್ತಾರೆ. ಮೂವರಿದ್ದೀರಿ, ಅಮ್ಮನ ಮಂಡಿ ಬೇರೆ, ಟ್ಯಾಕ್ಸಿಗೆ ಜಿಪುಣತನ ಮಾಡಬೇಡಿ.

ಒಬ್ಬರೇ ಬರುವವರಿಗೆ: ಏರ್‌ಪೋರ್ಟ್ ಸ್ಟೇಷನ್‌ನಿಂದ ಮುಂದಿನ ನಿಲ್ದಾಣವೇ ಎಕ್ಸ್‌ಪೋ. ಅಲ್ಲಿ ನೀಲಿ ಲೈನ್ ಹಿಡಿದರೆ ಚೈನಾಟೌನ್, ಬೇಫ್ರಂಟ್, ಬುಗಿಸ್, ಲಿಟಲ್ ಇಂಡಿಯಾ ಎಲ್ಲ ಬರುತ್ತವೆ, ಇದೇ ಕ್ರಮದಲ್ಲಿ. ಮ್ಯಾಪ್‌ನಲ್ಲಿ ಸಲೀಸಾಗಿ ಕಾಣುತ್ತೆ, ಆದರೆ ಲಿಟಲ್ ಇಂಡಿಯಾಗೆ ಅದು ಹಳ್ಳಿ ಬಸ್ಸಿನ ಹಾಗೆ ಊರೆಲ್ಲ ಸುತ್ತಿಕೊಂಡು ಹೋಗುತ್ತದೆ. ಅಲ್ಲಿಗೇ ಹೋಗುವವರು ತಾನಾ ಮೇರಾದಲ್ಲಿ ಹಸಿರು ಲೈನ್ ಹಿಡಿದು ಬುಗಿಸ್‌ನಲ್ಲಿ ಬದಲಿಸಿ. ಚೈನಾಟೌನ್‌ಗಾದರೆ ನೀಲಿಯೇ ಸರಿ. ಸಿಂಗಪುರದ ಅತಿ ಹಳೆಯ ಹಿಂದೂ ದೇವಸ್ಥಾನ ಮಾರಿಯಮ್ಮನ ಗುಡಿ ಇರೋದೂ ಲಿಟಲ್ ಇಂಡಿಯಾದಲ್ಲಲ್ಲ, ಚೈನಾಟೌನ್‌ನಲ್ಲಿ. 1827ರದ್ದು.

ಬಿಸಿಲೂರು:
ಚಾಂಗಿಯವರೇ ನಡೆಸುವ ಉಚಿತ ಟೂರ್ ಬಗ್ಗೆ ಯಾರೂ ಹೇಳಿಲ್ಲ? ಲೇಓವರ್ ಐದೂವರೆ ಗಂಟೆಗಿಂತ ಜಾಸ್ತಿ, 24 ಗಂಟೆಗಿಂತ ಕಡಿಮೆ ಇದ್ದವರಿಗೆ. ಎರಡೂವರೆ ಗಂಟೆ ಬಸ್ಸಿನಲ್ಲಿ ಸುತ್ತಿಸಿ ತಂದು ಬಿಡುತ್ತಾರೆ. ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಕೊಡಬಹುದು. ವಿಮಾನ ತಪ್ಪುವ ಭಯವೇ ಇಲ್ಲ.

ಬೆಡಾಕ್ ಬಾಲ್ಕನಿ:
ಚೆನ್ನಾಗಿದೆ, ಏಳೆಂಟು ಗಂಟೆ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಅದಕ್ಕೂ ಹೊರಗೆ ಬರುವ ಅರ್ಹತೆ ಬೇಕು, ಆ 96 ಗಂಟೆ ನಿಯಮ ಅಲ್ಲೂ ಅನ್ವಯ. ಆದರೆ ಬಸ್ಸು ಹತ್ತು ಇಳಿ, ಗೈಡ್ ಬಾವುಟದ ಹಿಂದೆ ಓಡು. ಅಪ್ಪ ತಾಳೆ ಮರದ ಕೆಳಗೆ ನಿಂತರೆ ಬಸ್ಸು ಕಾಯಲ್ಲ.

ಬಿಸಿಲೂರು:
ಇದೇ ಚರ್ಚೆಯಲ್ಲಿ ನನ್ನದೂ ಒಂದು. ಲಂಡನ್‌ಗೆ ಹೋಗುವಾಗ ದೋಹಾದಲ್ಲಿ ಎಂಟು ಗಂಟೆ. ಯಾರಾದರೂ ಹೊರಗೆ ಹೋಗಿದ್ದೀರಾ?

ಹಳೇ ಪಾಸ್‌ಪೋರ್ಟ್:
ಪ್ರವೇಶದ ನಿಯಮ ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಹೊರಗೆ ಬಂದರೆ ಸುಲಭ. ಏರ್‌ಪೋರ್ಟ್‌ನಲ್ಲೇ ಮೆಟ್ರೊ ಇದೆ, ಕೆಂಪು ಲೈನ್. ಮ್‌ಶೈರಿಬ್‌ನಲ್ಲಿ ಬಂಗಾರದ ಬಣ್ಣದ ಲೈನ್‌ಗೆ ಬದಲಿಸಿ, ಮುಂದಿನದೇ ಸೂಖ್ ವಾಖಿಫ್, ಹಳೇ ಮಾರುಕಟ್ಟೆ. ಟಿಕೆಟ್ ಎರಡು ರಿಯಾಲ್. ಗಿಡುಗ ಮಾರುವ ಅಂಗಡಿಗಳು ನೋಡಿ, ತಲೆಗೆ ಚರ್ಮದ ಟೊಪ್ಪಿ ಹಾಕಿಸಿಕೊಂಡು ಸಾಲಾಗಿ ಕೂತಿರುತ್ತವೆ. ಸಮುದ್ರದ ಪಕ್ಕ ಇಸ್ಲಾಮಿಕ್ ಕಲಾ ಮ್ಯೂಸಿಯಂ ಇದೆ, ವಾಸ್ತುಶಿಲ್ಪಿ ಐ.ಎಂ. ಪೇ ಕಟ್ಟಿದ್ದು, 2008ರಲ್ಲಿ ತೆರೆದರು. ಶುಕ್ರವಾರ ಬೆಳಗ್ಗೆ ಹೋದರೆ ಮಾರುಕಟ್ಟೆ ಮುಚ್ಚಿರುತ್ತೆ. ಬೇಸಿಗೆಯ ಮಧ್ಯಾಹ್ನ ಆದರೆ ಏರ್‌ಪೋರ್ಟ್ ಬಿಟ್ಟು ಕದಲಬೇಡಿ.

ಗೊಜ್ಜವಲಕ್ಕಿ:
ನಮ್ಮೂರಿನದೂ ಕೇಳಿಬಿಡುತ್ತೇನೆ. ದಿಲ್ಲಿಯಿಂದ ಮಂಗಳೂರಿಗೆ ಹೋಗುವ ಗೆಳೆಯನೊಬ್ಬನಿಗೆ ಬೆಂಗಳೂರಿನಲ್ಲಿ ಆರು ಗಂಟೆ ಇದೆ. ಕಬ್ಬನ್ ಪಾರ್ಕ್ ನೋಡಬೇಕಂತೆ.

ಕಡಲೂರ ಮಾಣಿ:
ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತು ಕಬ್ಬನ್ ಪಾರ್ಕ್ ಫೋಟೊ ನೋಡಲಿ. 😄 ಊರೊಳಗೆ ಬೇಡ ಅನ್ನಿ. ದೇವನಹಳ್ಳಿ ಕೋಟೆ ಏರ್‌ಪೋರ್ಟ್ ಪಕ್ಕದಲ್ಲೇ ಇದೆ. ಹೈದರ್ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಗೋಡೆ, ಒಳಗೆ ವೇಣುಗೋಪಾಲಸ್ವಾಮಿ ಗುಡಿ, ಟಿಪ್ಪು ಹುಟ್ಟಿದ ಜಾಗದ ಗುರುತು. ಎರಡು ಗಂಟೆಯಲ್ಲಿ ಹೋಗಿ ಬಂದುಬಿಡಬಹುದು. ಕಾಲ ಸರಿಯಾಗಿದ್ದರೆ ದೇವನಹಳ್ಳಿ ಚಕ್ಕೋತ ಒಂದು ತಗೊಳ್ಳಲಿ. ಅದಕ್ಕೆ ಜಿಐ ಟ್ಯಾಗ್ ಇದೆ, ದಿಲ್ಲಿಯಲ್ಲಿ ಸಿಗಲ್ಲ.

ಸಾಗರದ ಹುಡುಗಿ:
ನಮ್ಮದು ಹೀಗೆ ಅಂತ ಆಯಿತು: ಇಳಿದು ಟ್ರಾನ್ಸಿಟ್‌ನಲ್ಲೇ ಮುಖ ತೊಳೆದು, ತಂದ ಚಪಾತಿ ತಿಂದು, ಎಂಟೂವರೆಗೆ ಹೊರಗೆ. ಟ್ಯಾಕ್ಸಿಯಲ್ಲಿ ನಾಸಿಮ್ ಗೇಟ್. ಹನ್ನೊಂದಕ್ಕೆ ಲಿಟಲ್ ಇಂಡಿಯಾ, ಗುಡಿ, ಊಟ. ಒಂದೂವರೆಗೆ ವಾಪಸ್, ಜ್ಯೂವೆಲ್, ನಾಲ್ಕಕ್ಕೆ ಒಳಗೆ. ಅಮ್ಮ ಬೆಳಗ್ಗೆ ಎದ್ದು "ಆಗಲ್ಲ" ಅಂದರೆ ಮಾಣಿ ಹೇಳಿದ ಹಾಗೆ ಚಿಟ್ಟೆ ತೋಟ, ಒರಗು ಕುರ್ಚಿ. ಗಸಗಸೆ ಡಬ್ಬಿ ಚಿಕ್ಕಮ್ಮನ ಮನೆಗೆ ಹೋಯಿತು. ಕವಳ ಬಿಡಿಸೋದಕ್ಕೆ ಮಾತುಕತೆ ನಡೆಯುತ್ತಿದೆ.

ಬೆಡಾಕ್ ಬಾಲ್ಕನಿ:
ಸರಿಯಾಗಿದೆ. ಒಂದೇ ತಿದ್ದುಪಡಿ. ಮಳೆ ಬಂದರೆ ಇಲ್ಲಿ ಒಂದು ಗಂಟೆ ಟ್ಯಾಕ್ಸಿಯೇ ಸಿಗಲ್ಲ, ದರವೂ ಏರುತ್ತದೆ. ಒಂದೂವರೆಗೆ ಮೋಡ ಕಪ್ಪಾಗಿದ್ದರೆ ಊಟದ ಮೇಲೆ ಎಲೆ ಅಡಿಕೆ ಅಂತ ಕೂರದೆ ಲಿಟಲ್ ಇಂಡಿಯಾ ಸ್ಟೇಷನ್‌ಗೆ ಇಳಿಯಿರಿ. ಎಲ್ಲ ಸ್ಟೇಷನ್‌ಗಳಲ್ಲೂ ಲಿಫ್ಟ್ ಇದೆ. ಬುಗಿಸ್, ಅಲ್ಲಿಂದ ತಾನಾ ಮೇರಾ, ಅಲ್ಲಿಂದ ಏರ್‌ಪೋರ್ಟ್. ಮುಕ್ಕಾಲು ಗಂಟೆ, ಮಳೆಗೂ ಅದೇ, ಬಿಸಿಲಿಗೂ ಅದೇ.

ಟೆಕ್ಕಾದಲ್ಲಿ ಅಪ್ಪ ಹಲಸಿನಹಣ್ಣಿನ ಚಿಕ್ಕಪ್ಪನಂತಿರುವ ಡುರಿಯನ್ ನೋಡಿ ಕೊಳ್ಳಬೇಕು ಅಂದರೆ ಅಲ್ಲೇ ನಿಂತು ತಿನ್ನಿಸಿ. ವಾಸನೆಗೆ ಅದನ್ನು ಎಂಆರ್‌ಟಿ ಒಳಗೆ ಬಿಡಲ್ಲ.